ಲೆಕ್ಕ ಶುರುವಾಗುವುದು ಸಾಲಿಗಿಂತ ಮೊದಲು

(ನಮ್ಮ ಪ್ರೌಢಶಾಲೆಯ ಸುವರ್ಣ ಮಹೋತ್ಸವದ ಪಾಲಕರ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ಸುವರ್ಣ ಮಹೋತ್ಸವದಲ್ಲಿ ಹಳೆಯ ನೆನಪು ಹೇಳುವವರು ಬಹಳ ಮಂದಿ ಇದ್ದಾರೆ. ನನಗೆ ಸಮಿತಿಯವರು ಬೇರೆ ಕೆಲಸ ಕೊಟ್ಟಿದ್ದಾರೆ. "ಅಕ್ಕಾರ, ನೀವು ಇಷ್ಟು ವರ್ಷ ಒಂದನೆತ್ತೆ, ಎರಡನೆತ್ತೆ ಮಕ್ಕಳಿಗೆ ಕಲಿಸೀರಿ. ನಮ್ಮ ಮಕ್ಕಳಿಗೆ ಲೆಕ್ಕ ಯಾಕ ಕಠಿಣ ಆಗತೈತಿ, ಅದನ್ನ ಹೇಳ್ರಿ" ಎಂದರು. ಪ್ರೌಢಶಾಲೆಯ ಸಮಾರಂಭದಲ್ಲಿ ಮೂರು ವರ್ಷದ ಕೂಸಿನ ಮಾತು ಯಾಕೆ ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ಎಸ್‌ಎಸ್‌ಎಲ್‌ಸಿ ಗಣಿತದಲ್ಲಿ ಹಿಂದೆ ಬಿದ್ದ ಮಗುವಿನ ಕೈ ಹಿಡಿದು ಹಿಂದಕ್ಕೆ ನಡೆಯುತ್ತ ಹೋಗಿ. ಬೀಜಗಣಿತದ ತೊಡಕು ಭಾಗಾಕಾರಕ್ಕೆ ಹೋಗಿ ನಿಲ್ಲುತ್ತದೆ, ಭಾಗಾಕಾರದ ತೊಡಕು ಕಳೆಯುವ ಲೆಕ್ಕಕ್ಕೆ, ಕಳೆಯುವ ಲೆಕ್ಕದ ತೊಡಕು ಬಿಡಿ-ಹತ್ತು-ನೂರಕ್ಕೆ. ಅಲ್ಲಿಂದ ಇನ್ನೊಂದು ಹೆಜ್ಜೆ ಹಿಂದಿಟ್ಟರೆ ಅಂಗನವಾಡಿಯ ಹೊಸ್ತಿಲು, ಮನೆಯ ಅಂಗಳ. ಹತ್ತನೆತ್ತೆಯ ಫಲಿತಾಂಶದ ಬೀಜ ಬಿದ್ದಿರುವುದು ಅಲ್ಲಿ.

ಮೊದಲು ಒಂದು ಮಾತು ಸ್ಪಷ್ಟ ಮಾಡಿಕೊಳ್ಳೋಣ. ಅಂಕಿ ಹೇಳುವುದು ಬೇರೆ, ಎಣಿಸುವುದು ಬೇರೆ. "ನಮ್ಮ ಹುಡುಗಗ ನೂರರ ತನಕ ಬರ್ತೈತ್ರಿ" ಎಂದು ಪಾಲಕರು ಹೆಮ್ಮೆಯಿಂದ ಹೇಳುತ್ತಾರೆ. ಸಂತೋಷವೇ. ಆದರೆ ಆ ಹುಡುಗನ ಮುಂದೆ ಒಂದು ಬೊಗಸೆ ಹುಣಸೆ ಬೀಜ ಸುರಿದು "ಐದು ಕೊಡು ನೋಡೋಣ" ಎಂದು ಕೇಳಿ. ಎಷ್ಟೋ ಮಕ್ಕಳು ಕೈಗೆ ಬಂದಷ್ಟು ಹಿಡಿದು ಕೊಡುತ್ತಾರೆ. ನೂರರ ತನಕ ಹಾಡಿನಂತೆ ಬರುತ್ತದೆ, ಐದು ಎಂದರೆ ಎಷ್ಟು ಎನ್ನುವುದು ಇನ್ನೂ ಬಂದಿರುವುದಿಲ್ಲ. ಇದು ದಡ್ಡತನವಲ್ಲ. ಎಲ್ಲ ಮಕ್ಕಳೂ ಈ ದಾರಿಯಲ್ಲೇ ಬರುತ್ತಾರೆ. ಮೊದಲು 'ಒಂದು' ಅರ್ಥವಾಗುತ್ತದೆ, ತಿಂಗಳುಗಳ ನಂತರ 'ಎರಡು', ಮತ್ತೆ ಕೆಲವು ತಿಂಗಳಿಗೆ 'ಮೂರು'. ಆಮೇಲೆ ಒಂದು ದಿನ ಗುಟ್ಟು ತಿಳಿಯುತ್ತದೆ: ಎಣಿಸುವಾಗ ಕೊನೆಗೆ ಯಾವ ಮಾತು ಬಂತೋ ಅದೇ ಒಟ್ಟು ಸಂಖ್ಯೆ. ಸಾಮಾನ್ಯವಾಗಿ ಮೂರೂವರೆ, ನಾಲ್ಕು ವರ್ಷದ ಆಸುಪಾಸಿಗೆ ಇದು ಆಗುತ್ತದೆ. ಕೆಲವರಿಗೆ ಸ್ವಲ್ಪ ಮುಂಚೆ, ಕೆಲವರಿಗೆ ಸ್ವಲ್ಪ ತಡ.

ರೋಚೆಲ್ ಗೆಲ್ಮನ್ ಮತ್ತು ರ್‍ಯಾಂಡಿ ಗ್ಯಾಲಿಸ್ಟೆಲ್ ಎಂಬ ಇಬ್ಬರು ಅಮೆರಿಕದ ಮನಶ್ಶಾಸ್ತ್ರಜ್ಞರು 1978ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಎಣಿಕೆಯ ಐದು ನಿಯಮಗಳನ್ನು ಹೇಳಿದರು. ಒಂದು ವಸ್ತುವಿಗೆ ಒಂದೇ ಮಾತು. ಮಾತುಗಳ ಕ್ರಮ ಬದಲಾಗಬಾರದು. ಕೊನೆಯ ಮಾತೇ ಒಟ್ಟು. ಬೀಜವಾದರೂ ಆಡಾದರೂ ಚಪ್ಪಾಳೆಯಾದರೂ ಎಣಿಸಬಹುದು. ಎಡದಿಂದ ಎಣಿಸಿದರೂ ಬಲದಿಂದ ಎಣಿಸಿದರೂ ಉತ್ತರ ಒಂದೇ. ನಮಗೆ ಇವು ಹೇಳುವ ಮಾತೇ ಅಲ್ಲ ಅನ್ನಿಸುತ್ತದೆ. ಆದರೆ ಪ್ರತಿಯೊಂದನ್ನೂ ಮಗು ತಾನೇ ಕಂಡುಕೊಳ್ಳಬೇಕು. ಕಂಡುಕೊಳ್ಳಲು ಕೈಯಲ್ಲಿ ವಸ್ತು ಬೇಕು. ಬರೀ ಪಾಟಿಯ ಮೇಲೆ 1ರಿಂದ 100 ಬರೆಸಿದರೆ ಬೆರಳಿಗೆ ಅಭ್ಯಾಸವಾಗುತ್ತದೆ, ಅರ್ಥ ಹುಟ್ಟುವುದಿಲ್ಲ.

ಸ್ವಿಟ್ಜರ್ಲೆಂಡಿನ ಪಿಯಾಜೆ ಮಾಡಿ ತೋರಿಸಿದ ಒಂದು ಪರೀಕ್ಷೆಯನ್ನು ನೀವು ಇವತ್ತು ರಾತ್ರಿ ಮನೆಯಲ್ಲಿ ಮಾಡಿ ನೋಡಬಹುದು. ಆರು ಬೀಜಗಳ ಒಂದು ಸಾಲು, ಅದರ ಕೆಳಗೆ ಸರಿಸಮ ಆರು ಬೀಜಗಳ ಇನ್ನೊಂದು ಸಾಲು ಇಡಿ. "ಎರಡೂ ಸಮ ಅದಾವೇನು?" ಎಂದು ಕೇಳಿ. ಮಗು ಹೌದು ಎನ್ನುತ್ತದೆ. ಈಗ ಅದರ ಕಣ್ಣೆದುರಿಗೇ ಕೆಳಗಿನ ಸಾಲನ್ನು ಅಗಲ ಮಾಡಿ ಕೇಳಿ. ನಾಲ್ಕೈದು ವರ್ಷದ ಮಗು ಸಾಮಾನ್ಯವಾಗಿ "ಕೆಳಗಿಂದು ಜಾಸ್ತಿ" ಎನ್ನುತ್ತದೆ. ಉದ್ದ ಕಂಡರೆ ಹೆಚ್ಚು ಎಂದು ಅದರ ಕಣ್ಣು ಹೇಳುತ್ತದೆ. ಆರೇಳು ವರ್ಷಕ್ಕೆ ಅದೇ ಮಗು ನಕ್ಕು, "ನೀವು ಬರೇ ದೂರ ಸರಿಸೀರಿ, ಅಷ್ಟs ಅದಾವು" ಎನ್ನುತ್ತದೆ. ನಡುವೆ ಯಾರೂ ಬಡಿದು ಕಲಿಸಿರುವುದಿಲ್ಲ. ಹಂಚಿ, ಕೂಡಿಸಿ, ಜೋಡಿಸಿ, ಆಡಿ ಆಡಿ ಬುದ್ಧಿ ಬೆಳೆದಿರುತ್ತದೆ.

ಹಾಗಾದರೆ ಮನೆಯಲ್ಲಿ ನಾವೇನು ಮಾಡಬೇಕು? ಹೊಸದಾಗಿ ಏನೂ ಬೇಡ. ಇರುವುದನ್ನು ಮಗುವಿನ ಕೈಗೆ ಕೊಡಬೇಕು, ಜೊತೆಗೆ ಮಾತಾಡಬೇಕು. "ಊಟಕ್ಕ ಎಷ್ಟು ಮಂದಿ ಅದೀವಿ? ಎಷ್ಟು ತಾಟು ಇಡಬೇಕು?" ಇದು ಒಂದಕ್ಕೊಂದು ಜೋಡಿಸುವ ಲೆಕ್ಕ. "ಅಪ್ಪಗ ಎರಡು ರೊಟ್ಟಿ, ನಿನಗ ಒಂದು, ಒಟ್ಟು ಎಷ್ಟಾತು?" ಇದು ಕೂಡಿಸುವ ಲೆಕ್ಕ. ಶೇಂಗಾ ಸುಲಿಯುವಾಗ ಒಂದು ಕಾಳಿನದು, ಎರಡು ಕಾಳಿನದು, ಮೂರು ಕಾಳಿನದು ಎಂದು ಬೇರೆ ಬೇರೆ ಗುಂಪು ಮಾಡಿಸಿದರೆ ಅದು ವರ್ಗೀಕರಣ. ರಂಗೋಲಿಯ ಚುಕ್ಕೆ ಏಳು, ಐದು, ಮೂರು, ಒಂದು ಎಂದು ಇಳಿಯುವುದು ಸಂಖ್ಯೆಗಳ ವಿನ್ಯಾಸ. ಗಿದ್ನ, ಸೊಲಗಿ, ಅಚ್ಚೇರು, ಸೇರು ಈಗ ಮೂಲೆ ಸೇರಿವೆ. ಅವನ್ನು ತೊಳೆದು ಮಗುವಿನ ಕೈಗೆ ಕೊಟ್ಟು ಜೋಳ ಅಳೆಯಲು ಬಿಡಿ. ಸಣ್ಣ ಮಾಪಿನಿಂದ ಎಷ್ಟು ಸಲ ಹಾಕಿದರೆ ದೊಡ್ಡ ಮಾಪು ತುಂಬುತ್ತದೆ ಎಂದು ಎಣಿಸಲಿ. ಗುಣಾಕಾರವೂ ಭಾಗಾಕಾರವೂ ಅಲ್ಲೇ ಕೂತಿವೆ.

ಕಣದಲ್ಲಿ ರಾಶಿ ಅಳೆಯುವಾಗ ಹಿರಿಯರು 'ಒಂದು' ಎನ್ನುವ ಬದಲು 'ಲಾಭ' ಎಂದು ಶುರು ಮಾಡುತ್ತಿದ್ದರು. ಲಾಭ, ಎರಡು, ಮೂರು. ಮಕ್ಕಳು ರಾಶಿಯ ಸುತ್ತ ನಿಂತು ಇದನ್ನು ಕೇಳಿಯೇ ಬೆಳೆದರು. ಚಿಣಿಪಣಿಯಲ್ಲಿ ಅಳತೆ ಇತ್ತು, ಕವಡೆಯಾಟದಲ್ಲಿ ಕೂಡಿಸಿ ಮುಂದೆ ನಡೆಸುವುದಿತ್ತು, ಅಳಗುಳಿ ಮಣೆಯಲ್ಲಿ ಗುಳಿಗೊಂದರಂತೆ ಕಾಳು ಬಿಡುವುದಿತ್ತು. ಆಟ ಎಂದರೆ ಸಮಯ ಹಾಳು ಎಂದು ತಿಳಿಯಬೇಡಿ. ಕವಡೆ ಹಾಕಿ ಮೂರು ಬಿದ್ದಾಗ, ಇನ್ನು ಎಷ್ಟು ಬಿದ್ದರೆ ಕಾಯಿ ಹಣ್ಣಾಗುತ್ತದೆ ಎಂದು ಯೋಚಿಸುವ ಮಗು ಕಳೆಯುವ ಲೆಕ್ಕವನ್ನೇ ಮಾಡುತ್ತಿದೆ.

ತಾಯಂದಿರಿಗೆ ಒಂದು ವಿಶೇಷ ಮಾತು. "ನಾನು ಸಾಲಿ ಕಲ್ತಾಕಿ ಅಲ್ರಿ, ನನಗೇನ್ ಲೆಕ್ಕ ಗೊತ್ತೈತಿ" ಎಂದು ನೀವು ಹೇಳುವುದನ್ನು ನಾನು ಎಲ್ಲ ಊರುಗಳಲ್ಲೂ ಕೇಳಿದ್ದೇನೆ. ಲಕ್ಷ್ಮೇಶ್ವರದ ಕಡೆಯಲ್ಲೂ ಕೇಳಿದ್ದೇನೆ, ಮುಂಡರಗಿಯ ಹೊಳೆಸಾಲಿನಲ್ಲೂ ಕೇಳಿದ್ದೇನೆ. ನಮ್ಮ ಭಾಗದ ಕಸೂತಿಯನ್ನು ನೋಡಿ. ಗವಂತಿ, ಮುರ್ಗಿ, ನೇಗಿ, ಮೆಂತೆ ಎಂಬ ನಾಲ್ಕು ಹೊಲಿಗೆ. ಬಟ್ಟೆಯ ಮೇಲೆ ಗೆರೆ ಬರೆದುಕೊಳ್ಳದೆ, ಎಳೆ ಎಣಿಸಿ ಎಣಿಸಿ ಗೋಪುರ, ತೇರು, ಆನೆ ಮೂಡಿಸುತ್ತಾರೆ. ಗವಂತಿಯಲ್ಲೂ ಮುರ್ಗಿಯಲ್ಲೂ ಬಟ್ಟೆಯ ಎರಡೂ ಮಗ್ಗುಲು ಒಂದೇ ಸಮ ಕಾಣಬೇಕು. ಒಂದು ಎಳೆ ತಪ್ಪಿದರೆ ತೇರು ಸೊಟ್ಟಗಾಗುತ್ತದೆ. ಬೆಟಗೇರಿಯ ಮಗ್ಗದ ಮುಂದೆ ಕೂತವರಿಗೂ ಎಳೆಯ ಲೆಕ್ಕ ತಪ್ಪಿದರೆ ಸೀರೆಯ ದಡಿ ಕೂಡುವುದಿಲ್ಲ. ಇದು ಗಣಿತವಲ್ಲದೆ ಮತ್ತೇನು? ತಾಯಿ "ನನಗೆ ಲೆಕ್ಕ ಬರುವುದಿಲ್ಲ" ಎಂದರೆ ಮಗಳು ಅದನ್ನು ತನ್ನ ಹಣೆಬರಹ ಎಂದು ತಿಳಿಯುತ್ತಾಳೆ. ದಯಮಾಡಿ ಮಕ್ಕಳ ಮುಂದೆ ಆ ಮಾತು ಆಡಬೇಡಿ.

ಇನ್ನು ನಮ್ಮ ಭಾಷೆಯ ವಿಷಯ. ಕನ್ನಡದ ಎಣಿಕೆಯಲ್ಲಿ ಹತ್ತಿನ ಲೆಕ್ಕ ಕಿವಿಗೆ ಕೇಳಿಸುತ್ತದೆ. ಇಪ್ಪತ್ತು ಎಂದರೆ ಎರಡು ಹತ್ತು, ಮೂವತ್ತು ಎಂದರೆ ಮೂರು ಹತ್ತು. ನಲವತ್ತೆರಡು ಎಂದರೆ ನಾಲ್ಕು ಹತ್ತು, ಮೇಲೆ ಎರಡು. ಮುನ್ನೂರು ಎಂದರೆ ಮೂರು ನೂರು. ಮಾತನ್ನು ಬಿಡಿಸಿದರೆ ಸ್ಥಾನಬೆಲೆ ಕಾಣುತ್ತದೆ. ಇಂಗ್ಲಿಷಿನ ಇಲೆವನ್, ಟ್ವೆಲ್ವ್ ಎಂಬ ಮಾತುಗಳಲ್ಲಿ ಹತ್ತು ಎಲ್ಲಿದೆ ಎಂದು ಮಗುವಿಗೆ ಕೇಳಿಸುವುದಿಲ್ಲ. ಹಿಂದಿ, ಮರಾಠಿಯಲ್ಲಿ ನೂರರ ತನಕದ ಹೆಸರುಗಳನ್ನು ಹೆಚ್ಚುಕಡಿಮೆ ಒಂದೊಂದಾಗಿ ನೆನಪಿಡಬೇಕು. ನಮ್ಮಲ್ಲಿ ಒಂಬತ್ತು, ತೊಂಬತ್ತರ ಹತ್ತಿರ ಮಾತ್ರ ದಾರಿ ಸ್ವಲ್ಪ ತಿರುವು. ಇಪ್ಪತ್ತೊಂಬತ್ತರ ನಂತರ ಒಂದು ಮಗು "ಇಪ್ಪತ್ತಹತ್ತು" ಎಂದರೆ ನಗಬೇಡಿ. ಯಾರೂ ಹೇಳಿಕೊಡದ ಮಾತನ್ನು ಅದು ನಿಯಮ ಹಿಡಿದು ತಾನೇ ಕಟ್ಟಿದೆ. "ಭೇಷ್, ಇಪ್ಪತ್ತಕ್ಕ ಹತ್ತು ಕೂಡಿದ್ರ ಅದಕ್ಕ ಮೂವತ್ತು ಅಂತಾರ" ಎಂದು ಹೇಳಿ. ನೂರಾ ಐದನ್ನು 1005 ಎಂದು ಬರೆದ ಮಗುವೂ ಹಾಗೆಯೇ. ಕೇಳಿದ್ದನ್ನು ಹಾಗೇ ಬರೆದಿದೆ. ಅದಕ್ಕೆ ಬೇಕಾದದ್ದು ಪೆಟ್ಟಲ್ಲ, ಒಂದು ನೂರರ ನೋಟು ಮತ್ತು ಐದು ಒಂದು ರೂಪಾಯಿ ನಾಣ್ಯ.

ಹೀಗಿರುವಾಗ ಮೂರೂವರೆ ವರ್ಷದ ಕೂಸನ್ನು ಬೆಳಿಗ್ಗೆ ಎಬ್ಬಿಸಿ ವ್ಯಾನಿಗೆ ಹತ್ತಿಸಿ, ಮನೆಯಲ್ಲಿ ಯಾರೂ ಆಡದ ಮಾತಿನಲ್ಲಿ ಎಣಿಕೆ ಕಲಿಸುತ್ತೇವೆ. ಇಂಗ್ಲಿಷ್ ಬೇಡ ಎಂದು ನಾನು ಹೇಳುತ್ತಿಲ್ಲ. ಅದೂ ಬರಲಿ. ಆದರೆ ಸಂಖ್ಯೆಯ ಅರ್ಥ ಮೊದಲು ಅವ್ವನ ಮಾತಿನಲ್ಲಿ ಬೇರು ಬಿಡಲಿ. ಬೇರು ಬಿಟ್ಟ ಸಸಿಯನ್ನು ಯಾವ ಹೊಲದಲ್ಲಿ ನಾಟಿದರೂ ಹಿಡಿಯುತ್ತದೆ.

ನಮ್ಮ ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ನೀವೆಲ್ಲ ಬಲ್ಲಿರಿ. ಪಂಚಾಕ್ಷರಿ ಗವಾಯಿಗಳು ಕಟ್ಟಿದ್ದು, ಪುಟ್ಟರಾಜ ಗವಾಯಿಗಳು ಬೆಳೆಸಿದ್ದು. ಇಬ್ಬರೂ ಕಣ್ಣಿಲ್ಲದವರು. ಅಲ್ಲಿ ಕಣ್ಣು ಕಾಣದ ಮಕ್ಕಳು ತಾಳ ಕಲಿಯುವುದನ್ನು ನೋಡಿ. ತೀನ್‌ತಾಲ್‌ಗೆ 16 ಮಾತ್ರೆ, ನಾಲ್ಕು ನಾಲ್ಕರ ನಾಲ್ಕು ಭಾಗ. ಝಪ್‌ತಾಲ್‌ಗೆ 10 ಮಾತ್ರೆ: ಎರಡು, ಮೂರು, ಎರಡು, ಮೂರು. ಏಕ್‌ತಾಲ್‌ಗೆ 12, ಎರಡೆರಡರ ಆರು ಭಾಗ. ಅಂಕಿ ಕಣ್ಣಿಗೆ ಕಾಣದಿದ್ದರೂ ಸಂಖ್ಯೆ ಕೈಯಲ್ಲಿ, ಕಿವಿಯಲ್ಲಿ, ಮೈಯಲ್ಲಿ ಇಳಿಯುತ್ತದೆ. ಎಲ್ಲಿಂದ ಹೊರಟರೂ ಸಮ್‌ಗೆ ಸರಿಯಾಗಿ ಬಂದು ಕೂಡಬೇಕು. ಚಪ್ಪಾಳೆ ತಟ್ಟಿ, ಕುಣಿದು, ಕುಂಟಿ ಎಣಿಸುವ ಮಗು ಹಾಳೆ ತುಂಬ ಬರೆಯುವ ಮಗುವಿಗಿಂತ ಹಿಂದಿಲ್ಲ.

ನಮ್ಮ ನಾಡಿಗೆ ಗಣಿತ ಹೊರಗಿನಿಂದ ಬಂದ ವಿದ್ಯೆ ಅಲ್ಲ. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 9ನೇ ಶತಮಾನದಲ್ಲಿ, ಮಹಾವೀರಾಚಾರ್ಯ ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ' ಬರೆದ. 12ನೇ ಶತಮಾನದಲ್ಲಿ ರಾಜಾದಿತ್ಯ ಎಂಬ ಜೈನ ಕವಿ ಕನ್ನಡದಲ್ಲೇ 'ವ್ಯವಹಾರಗಣಿತ' ರಚಿಸಿದ. ಹೆಸರೇ ಹೇಳುವಂತೆ ಅದು ಕೊಡುವ, ಕೊಳ್ಳುವ, ಅಳೆಯುವ ಜನರ ಗಣಿತ. ನಮ್ಮ ಅಜ್ಜಂದಿರು ಕಾಲು, ಅರ್ಧ, ಮುಕ್ಕಾಲು, ಒಂದೂವರೆಯ ಮಗ್ಗಿಗಳನ್ನು ಬಾಯಿಪಾಠ ಮಾಡಿ ಸಂತೆಯಲ್ಲಿ ಕಾಗದವಿಲ್ಲದೆ ಲೆಕ್ಕ ಹಾಕುತ್ತಿದ್ದರು. ಮಗ್ಗಿ ಬೇಡ ಎನ್ನುವವರ ಪೈಕಿ ನಾನಲ್ಲ. ಮಗ್ಗಿ ಬೇಕು. ಆದರೆ ಮೂರು ಗುಂಪು, ಗುಂಪಿಗೆ ನಾಲ್ಕು ಕಾಳು, ಒಟ್ಟು ಹನ್ನೆರಡು ಎಂದು ಕಣ್ಣಾರೆ ಕಂಡ ಮೇಲೆ ಬಾಯಿಪಾಠವಾಗಲಿ. ಅರ್ಥ ಮುಂದೆ, ಬಾಯಿಪಾಠ ಹಿಂದೆ.

ಈಗ ನಾನು ಕಂಡ ಒಬ್ಬ ಹುಡುಗನ ವಿಷಯ ಹೇಳಬೇಕು. ಹೆಸರು ಬೇಡ. ಎಂಟನೆತ್ತೆ ಓದುತ್ತಿದ್ದ. ಅವರ ಮನೆಯಲ್ಲಿ ಸಣ್ಣ ಕಿರಾಣಿ ಅಂಗಡಿ. 500ರಲ್ಲಿ 137 ಕಳೆ ಎಂದು ಬರೆದುಕೊಟ್ಟೆ. 437 ಎಂದು ಬರೆದ. ಸೊನ್ನೆಯಿಂದ ಏಳು ಹೋಗುವುದಿಲ್ಲ ಎಂದು ಏಳರಿಂದ ಸೊನ್ನೆ ಕಳೆದ, ಮೂರರಿಂದ ಸೊನ್ನೆ ಕಳೆದ. ಆಮೇಲೆ ಕೇಳಿದೆ: "ತಮ್ಮಾ, ನಾನು ಐದನೂರರ ನೋಟು ಕೊಟ್ಟು ನಿಮ್ಮ ಅಂಗಡ್ಯಾಗ 137 ರೂಪಾಯಿ ಸಾಮಾನು ತಗೊಂಡ್ರ ನನಗೆಷ್ಟು ಹೊಳ್ಳಿ ಕೊಡ್ತಿ?" ಕಣ್ಣು ಮಿಟುಕಿಸುವಷ್ಟರಲ್ಲಿ ಹೇಳಿದ: "ಮೂರು ಕೊಟ್ರ ನೂರಾ ನಲವತ್ತು, ಅರವತ್ತು ಕೊಟ್ರ ಎರಡನೂರು, ಮುಂದ ಮುನ್ನೂರು. ಮುನ್ನೂರಾ ಅರವತ್ಮೂರು ರೂಪಾಯಿ ಅಕ್ಕಾರ." ಸರಿಯಾದ ಉತ್ತರ. "ಹಂಗಾದ್ರ ಇದು ಯಾಕ 437 ಆತು?" ಎಂದು ಹಾಳೆ ತೋರಿಸಿದೆ. "ಅದು ಅಂಗಡಿ ಲೆಕ್ಕರಿ, ಇದು ಸಾಲಿ ಲೆಕ್ಕ" ಎಂದ.

ಈ ಒಂದು ಮಾತಿನಲ್ಲಿ ನಮ್ಮ ರೋಗವೂ ಇದೆ, ಔಷಧವೂ ಇದೆ. ಹುಡುಗನ ತಲೆಯಲ್ಲಿ ಎರಡು ಕೋಣೆ, ನಡುವೆ ಬಾಗಿಲಿಲ್ಲ. ಇದು ಒಬ್ಬ ಹುಡುಗನ ಕಥೆಯಲ್ಲ. ಬ್ರೆಜಿಲ್ ದೇಶದ ರೆಸಿಫೆ ಪಟ್ಟಣದ ಬೀದಿಗಳಲ್ಲಿ ತೆಂಗಿನಕಾಯಿ ಮುಂತಾದವನ್ನು ಮಾರುವ ಐದು ಮಕ್ಕಳ ಲೆಕ್ಕವನ್ನು ಸಂಶೋಧಕರು ಪರೀಕ್ಷಿಸಿ 1985ರಲ್ಲಿ ಪ್ರಕಟಿಸಿದರು. ವ್ಯಾಪಾರದ ನಡುವೆ ಕೇಳಿದಾಗ 100ಕ್ಕೆ 98 ಉತ್ತರ ಸರಿ. ಅದೇ ಲೆಕ್ಕಗಳನ್ನು ಶಾಲೆಯಂತೆ ಬರೀ ಅಂಕಿಯಲ್ಲಿ ಕೊಟ್ಟಾಗ 100ಕ್ಕೆ 37 ಮಾತ್ರ. 2025ರಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಕೋಲ್ಕತಾ, ದಿಲ್ಲಿಯ ಮಾರುಕಟ್ಟೆಗಳಲ್ಲಿ ದುಡಿಯುವ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ನೋಡಿ ಬರೆದದ್ದೂ ಇದನ್ನೇ. ಸಂತೆಯ ಮಕ್ಕಳಿಗೆ ಶಾಲೆಯ ಲೆಕ್ಕ ತೊಡಕು. ಇನ್ನೊಂದು ಮಾತು ನಾವು ಗಮನಿಸಬೇಕು: ಬರೀ ಶಾಲೆಗೆ ಹೋಗುವ ಮಕ್ಕಳಿಗೆ ಸಂತೆಯ ಲೆಕ್ಕ ತೊಡಕು. ಅಂದರೆ ಸಂತೆ ಒಂದೇ ಸಾಲದು, ಸಾಲಿ ಒಂದೇ ಸಾಲದು. ನಡುವೆ ಬಾಗಿಲು ತೆಗೆಯುವವರು ಬೇಕು. ಅದು ಗುರುಗಳ ಕೆಲಸ, ಮತ್ತು ಚಿಕ್ಕ ತರಗತಿಯಲ್ಲೇ ಆಗಬೇಕಾದ ಕೆಲಸ. ಆ ಹುಡುಗನ "ಮೂರು, ಅರವತ್ತು, ಮುನ್ನೂರು" ಎಂಬುದನ್ನು ಫಲಕದ ಮೇಲೆ ಬರೆದು, ಅದರ ಪಕ್ಕದಲ್ಲಿ ದಶಕ ಎರವಲು ತರುವ ಕ್ರಮವನ್ನು ಬರೆದು, ಎರಡೂ ಒಂದೇ ಎಂದು ತೋರಿಸಿದ ದಿನ ಬಾಗಿಲು ತೆರೆಯುತ್ತದೆ.

ಇದಕ್ಕೆ ಸರ್ಕಾರದ ಕಡೆಯಿಂದ ಏನೂ ಆಗಿಲ್ಲ ಎಂದರೆ ತಪ್ಪಾಗುತ್ತದೆ. ಅಂಗನವಾಡಿಯ ಯೋಜನೆ 1975ರ ಅಕ್ಟೋಬರ್ 2ರಂದು ಶುರುವಾಯಿತು. ಅದಕ್ಕೂ ಐವತ್ತು ತುಂಬಿದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ನಮ್ಮಂಥ ಶಿಕ್ಷಕರೇ ಸೇರಿ ಕಟ್ಟಿದ 'ನಲಿ-ಕಲಿ' 2009-10ರಿಂದ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಚಿಕ್ಕ ತರಗತಿಗಳಿಗೆ ಬಂತು. ಎಲ್ಲ ಮಕ್ಕಳನ್ನೂ ಒಂದೇ ನೊಗಕ್ಕೆ ಹೂಡದೆ, ಪ್ರತಿ ಮಗುವೂ ತನ್ನ ಮೆಟ್ಟಿಲಿನಿಂದ ಮೇಲೇರಲಿ ಎನ್ನುವುದು ಅದರ ಜೀವಾಳ. ನಾಲ್ಕು, ಐದನೆತ್ತೆಗೆ 'ಗಣಿತ ಕಲಿಕಾ ಆಂದೋಲನ'ದ ಪೆಟ್ಟಿಗೆ ಬಂತು. 2021ರ 'ನಿಪುಣ್ ಭಾರತ್' ಮೂರನೆತ್ತೆ ಮುಗಿಯುವುದರೊಳಗೆ ಪ್ರತಿ ಮಗುವಿಗೂ ಓದು ಮತ್ತು ಸಂಖ್ಯೆ ಬರಬೇಕು ಎಂದು ಗುರಿ ಇಟ್ಟಿದೆ. ಸಾಮಾನು ಬಂದಿದೆ, ಯೋಜನೆ ಬಂದಿದೆ. ಆದರೆ ಮಕ್ಕಳು ಕಳೆದಾರು ಎಂದು ಹೆದರಿ ಪೆಟ್ಟಿಗೆಗೆ ಬೀಗ ಹಾಕಿ ಕಪಾಟಿನಲ್ಲಿಟ್ಟರೆ ಯಾವ ಆಂದೋಲನವೂ ನಡೆಯುವುದಿಲ್ಲ. ನಾಲ್ಕು ಮಣಿ ಕಳೆದರೆ ಕಳೆಯಲಿ. ಮಗುವಿಗೆ ಲೆಕ್ಕದ ಮೇಲಿನ ವಿಶ್ವಾಸ ಕಳೆಯಬಾರದು.

ಇಷ್ಟಕ್ಕೂ ಲೆಕ್ಕ ಯಾಕೆ ಬೇಕು? ಅಂಕಪಟ್ಟಿಗೆ ಮಾತ್ರವೇ? ನಮ್ಮ ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ರೈತರು ಸಹಕಾರ ಸಂಘ ಕಟ್ಟಿದರು. ತಮ್ಮ ದುಡ್ಡು, ತಮ್ಮ ಬಡ್ಡಿ, ತಮ್ಮ ಖಾತೆಪುಸ್ತಕ ತಮ್ಮ ಕೈಯಲ್ಲಿರಲಿ ಎಂದು. ಇವತ್ತು ನಮ್ಮ ಅಕ್ಕತಂಗಿಯರು ಸಂಘದ ಸಾಲ ತೆಗೆದು ವಾರವಾರ ಕಂತು ಕಟ್ಟುತ್ತಾರೆ. ಒಟ್ಟು ಎಷ್ಟು ಕಟ್ಟಿದೆ, ಬಡ್ಡಿ ಎಷ್ಟಾಯಿತು ಎಂದು ತಾನೇ ಲೆಕ್ಕ ಹಾಕಬಲ್ಲವಳನ್ನು ಯಾರೂ ಸುಲಭಕ್ಕೆ ಮೋಸ ಮಾಡಲಾರರು. ಎಪಿಎಂಸಿಯಲ್ಲಿ ಹೆಸರು, ಶೇಂಗಾ ತೂಗಿಸುವ ರೈತನಿಗೂ ಇದೇ ಮಾತು. ಲೆಕ್ಕ ಬಂದವರು ಪ್ರಶ್ನೆ ಕೇಳುತ್ತಾರೆ. ಬಾರದವರು ಹೆಬ್ಬೆಟ್ಟು ಒತ್ತಿ ಬರುತ್ತಾರೆ. ಆರು ವರ್ಷದ ಹುಡುಗಿ "ನನಗ ಲೆಕ್ಕ ಬರೂದಿಲ್ಲ" ಎಂದು ತೀರ್ಮಾನ ಮಾಡಿಕೊಂಡರೆ ಅವಳು ಕಳೆದುಕೊಳ್ಳುವುದು ಒಂದು ವಿಷಯದ ಅಂಕಗಳನ್ನಲ್ಲ, ಮುಂದೆ ಕೇಳಬೇಕಾದ ಆ ಪ್ರಶ್ನೆಗಳನ್ನು.

ಕೊನೆಗೆ ನನ್ನವು ಮೂರು ಬೇಡಿಕೆ.

ಪಾಲಕರಿಗೆ: ದಿನಕ್ಕೆ ಹತ್ತು ನಿಮಿಷ ಮಗುವಿನ ಜೊತೆ ಕಾಳು, ಕವಡೆ, ನಾಣ್ಯ ಹಿಡಿದು ಕುಳಿತುಕೊಳ್ಳಿ. ಉತ್ತರ ತಪ್ಪಾದರೆ "ತಪ್ಪು" ಎನ್ನುವ ಮೊದಲು "ಹೆಂಗ ಮಾಡಿದಿ ಹೇಳು" ಎಂದು ಕೇಳಿ. ಪಕ್ಕದ ಮನೆಯ ಮಗುವಿನ ಜೊತೆ ಹೋಲಿಸಬೇಡಿ.

ಗುರುಗಳಿಗೆ: ಎಂಟನೆತ್ತೆಗೆ ಬರುವ ಮಕ್ಕಳು ಎಲ್ಲಿ ನಿಂತಿದ್ದಾರೆ ಎಂದು ಮೊದಲ ತಿಂಗಳಲ್ಲೇ ನೋಡಿ. ಬಿಡಿ-ಹತ್ತು-ನೂರದಲ್ಲಿ ತೊಡಕಿದ್ದರೆ ನಾಚಿಕೆಪಡದೆ ಅಲ್ಲಿಂದಲೇ ಹಿಡಿಯಿರಿ. ಹೈಸ್ಕೂಲಿನಲ್ಲಿ ಕಾಳು ಎಣಿಸುವುದೇ ಎಂದು ಯಾರಾದರೂ ನಕ್ಕರೆ ನಗಲಿ.

ಹಳೆಯ ವಿದ್ಯಾರ್ಥಿಗಳಿಗೆ: ಸುವರ್ಣ ಮಹೋತ್ಸವದ ನೆನಪಿಗೆ ಕಮಾನು ಕಟ್ಟಿಸುವ ಮಾತು ಕೇಳಿದೆ. ಕಟ್ಟಿಸಿರಿ. ಆದರೆ ಅದರ ಖರ್ಚಿನಲ್ಲಿ ಒಂದು ಪಾಲು ತೆಗೆದು, ಈ ಶಾಲೆಗೆ ಮಕ್ಕಳನ್ನು ಕಳಿಸುವ ಪ್ರತಿ ಊರಿನ ಅಂಗನವಾಡಿಗೆ ಒಂದು ತಕ್ಕಡಿ, ಒಂದು ಜೊತೆ ಮಾಪು, ಒಂದು ಅಳಗುಳಿ ಮಣೆ, ಒಂದು ಚೀಲ ಕಟ್ಟಿಗೆಯ ತುಂಡು ಕೊಡಿಸಿರಿ. ಒಂಬತ್ತನೆತ್ತೆಯ ಮಕ್ಕಳು ಶನಿವಾರ ಒಂದು ತಾಸು ಅಲ್ಲಿಗೆ ಹೋಗಿ ಚಿಕ್ಕವರ ಜೊತೆ ಆಡಲಿ. ಚಿಕ್ಕವರಿಗೆ ಎಣಿಕೆ ಬರುತ್ತದೆ. ತನಗೆ ಲೆಕ್ಕ ಬರುವುದಿಲ್ಲ ಎಂದುಕೊಂಡ ದೊಡ್ಡ ಹುಡುಗನಿಗೆ, ತಾನೂ ಒಬ್ಬರಿಗೆ ಕಲಿಸಬಲ್ಲೆ ಎನ್ನುವ ಧೈರ್ಯ ಬರುತ್ತದೆ. ಈ ಶಾಲೆಯ ಮುಂದಿನ ಐವತ್ತು ವರ್ಷದ ಫಲಿತಾಂಶ ಆ ಅಂಗನವಾಡಿಗಳ ನೆಲದ ಮೇಲೆ ಈಗಾಗಲೇ ಆಡುತ್ತಿದೆ.